ಕಾಗೆ, ಕೊಂಬೆ ಮತ್ತು ಬೀಸಿದ ಗಾಳಿ

ಹದಿಹರೆಯದಲ್ಲಿ ತಮಗೆ ತಾವೇ ನೋವು ಮಾಡಿಕೊಂಡ ಮಕ್ಕಳ ಮುಂದಿನ ಬದುಕು ಹೇಗಿರುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ವಿಜ್ಞಾನವು ‘ಹಿನ್ನೆಲೆ’ಯನ್ನು ಲೆಕ್ಕಕ್ಕೆ ಹಿಡಿಯಲು ಕಲಿತ ಕಥೆ

‘ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು’ ಎಂಬುದು ನಮ್ಮಲ್ಲಿ ಬಳಕೆಯಲ್ಲಿರುವ ಹಳೆಯ ಗಾದೆ. ಸಂಸ್ಕೃತದ ಪಂಡಿತರು ಇದೇ ಅರ್ಥದಲ್ಲಿ ಕಾಕತಾಳೀಯ ನ್ಯಾಯದ ಮಾತನಾಡಿದರು. ಎರಡು ಸಂಗತಿಗಳು ಜೊತೆಯಾಗಿ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗಬೇಕಿಲ್ಲ ಎಂಬ ವಿವೇಕ ಇದರಲ್ಲಿದೆ. ಆದರೆ ಗಾದೆ ಹೇಳದೆ ಬಿಟ್ಟ ಇನ್ನೊಂದು ಸಾಧ್ಯತೆಯೂ ಉಂಟು. ಜೋರಾಗಿ ಗಾಳಿ ಬೀಸಿತು. ಹಾರಲಾರದೆ ಕಾಗೆ ಕೊಂಬೆಯ ಮೇಲೆ ಬಂದು ಕುಳಿತಿತು. ಅದೇ ಗಾಳಿಗೆ ಕೊಂಬೆಯೂ ಮುರಿಯಿತು. ಹಾಗಿದ್ದರೆ ಇವೆರಡು ಬರೀ ಆಕಸ್ಮಿಕವಲ್ಲ. ಕಾಗೆಯಂತೂ ಅಪರಾಧಿಯಲ್ಲ. ಕಣ್ಣಿಗೆ ಕಾಣದ ಗಾಳಿಯೇ ಎರಡಕ್ಕೂ ಕಾರಣ.

ಸಂಖ್ಯಾಶಾಸ್ತ್ರಜ್ಞರು ಈ ಗಾಳಿಯನ್ನು ‘ಕನ್‌ಫೌಂಡರ್’ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಸರಳವಾಗಿ ‘ಹಿನ್ನೆಲೆಯ ಅಂಶ’ ಎನ್ನಬಹುದು. ಹಿನ್ನೆಲೆಯ ಅಂಶವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಎಲ್ಲವೂ ಕಲಸುಮೇಲೋಗರವಾಗುತ್ತದೆ. ಯಾವುದು ಕಾರಣ, ಯಾವುದು ಕುರುಹು ಎಂಬುದೇ ತಿಳಿಯುವುದಿಲ್ಲ. ಬೆಳೆಯ ಇಳುವರಿಯ ಲೆಕ್ಕದಲ್ಲಿ ಇಂಥ ತಪ್ಪಾದರೆ ಹಣ ನಷ್ಟವಾದೀತು. ಮಕ್ಕಳ ಮನಸ್ಸಿನ ಲೆಕ್ಕದಲ್ಲಿ ತಪ್ಪಾದರೆ ಮಗುವಿನ ಹಣೆಗೆ ಬದುಕಿಡೀ ಅಳಿಸಲಾಗದ ಪಟ್ಟಿ ಅಂಟಿಕೊಳ್ಳುತ್ತದೆ.

ದುರ್ಖೈಮ್ ಕಂಡ ತಪ್ಪುಲೆಕ್ಕ

1897ರಲ್ಲಿ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ದುರ್ಖೈಮ್ ಆತ್ಮಹತ್ಯೆಯ ಬಗ್ಗೆ ಒಂದು ಗ್ರಂಥ ಪ್ರಕಟಿಸಿದ. ಯೂರೋಪಿನ ಸರ್ಕಾರಗಳು ದಶಕಗಳಿಂದ ಕೂಡಿಟ್ಟಿದ್ದ ಅಂಕಿಅಂಶಗಳೇ ಅದಕ್ಕೆ ಆಧಾರ. ಆ ಅಂಕಿಗಳನ್ನು ಮೇಲುಮೇಲಕ್ಕೆ ನೋಡಿದವರಿಗೆ ವಿಚಿತ್ರವಾದ ಸಂಗತಿಯೊಂದು ಕಾಣುತ್ತಿತ್ತು: ಅವಿವಾಹಿತರಿಗಿಂತ ವಿವಾಹಿತರೇ ಹೆಚ್ಚಾಗಿ ಆತ್ಮಹತ್ಯೆ ಮಾಡಿಕೊಳ್ಳುತ್ತಾರೆ! ಹಾಗಾದರೆ ಮದುವೆಯೇ ಅಪಾಯಕಾರಿಯೆ?

ದುರ್ಖೈಮ್ ಇದರ ಗುಟ್ಟನ್ನು ಬಿಡಿಸಿದ. ‘ಅವಿವಾಹಿತರು’ ಎಂಬ ಗುಂಪಿನಲ್ಲಿ ತೊಟ್ಟಿಲ ಕೂಸಿನಿಂದ ಹಿಡಿದು ಶಾಲೆಗೆ ಹೋಗುವ ಮಕ್ಕಳವರೆಗೆ ಎಲ್ಲರೂ ಸೇರಿದ್ದರು. ಚಿಕ್ಕ ಮಕ್ಕಳಲ್ಲಿ ಆತ್ಮಹತ್ಯೆ ತೀರ ಅಪರೂಪವಾದ್ದರಿಂದ ಇಡೀ ಗುಂಪಿನ ಪ್ರಮಾಣ ತಗ್ಗಿತ್ತು. ಒಂದೇ ವಯಸ್ಸಿನವರನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಿದಾಗ ಚಿತ್ರ ತಿರುವುಮುರುವಾಯಿತು. ಬಹುಮಟ್ಟಿಗೆ ಮದುವೆ, ಸಂಸಾರಗಳು ರಕ್ಷಣೆಯಾಗಿಯೇ ಕಂಡವು. ಇಲ್ಲಿ ವಯಸ್ಸೇ ಹಿನ್ನೆಲೆಯ ಅಂಶ. ಅದನ್ನು ಬೇರ್ಪಡಿಸದೆ ಮದುವೆಯ ಬಗ್ಗೆ ಏನು ಹೇಳಿದರೂ ಅದು ಪೊಳ್ಳು ಮಾತೇ.

ಅದೇ 1897ರಲ್ಲಿ ಲಂಡನ್ನಿನ ಕಾರ್ಲ್ ಪಿಯರ್ಸನ್ ‘ಹುಸಿ ಸಂಬಂಧ’ದ ಬಗ್ಗೆ ಒಂದು ಪ್ರಬಂಧ ಬರೆದ. ಎರಡು ಅಳತೆಗಳ ನಡುವೆ ನಿಜವಾದ ನಂಟಿಲ್ಲದಿದ್ದರೂ, ಮೂರನೆಯದೊಂದನ್ನು ಅವೆರಡೂ ಹಂಚಿಕೊಂಡಾಗ ನಂಟು ಇರುವಂತೆ ತೋರುತ್ತದೆ ಎಂಬುದು ಅದರ ತಿರುಳು. ಅವನ ಶಿಷ್ಯ ಉಡ್ನಿ ಯೂಲ್ ಮುಂದಿನ ವರ್ಷಗಳಲ್ಲಿ ಒಂದು ಅಂಶವನ್ನು ಸ್ಥಿರವಾಗಿಟ್ಟು ಉಳಿದೆರಡರ ನಂಟನ್ನು ಅಳೆಯುವ ಗಣಿತವನ್ನು ಬೆಳೆಸಿದ. ಇಂದಿನ ಸಂಶೋಧನಾ ಲೇಖನಗಳಲ್ಲಿ ‘ಹಿನ್ನೆಲೆಯ ಅಂಶಗಳಿಗೆ ಹೊಂದಿಸಿದ ನಂತರ’ ಎಂದು ಬರುವ ಮಾತಿನ ಬೇರು ಇಲ್ಲಿದೆ.

ಆದರೆ ದುರ್ಖೈಮನ ವಿಧಾನದಲ್ಲೂ ಒಂದು ದೌರ್ಬಲ್ಯವಿತ್ತು. ಪ್ರಾಟೆಸ್ಟೆಂಟರು ಹೆಚ್ಚಿರುವ ಪ್ರಾಂತ್ಯಗಳಲ್ಲಿ ಆತ್ಮಹತ್ಯೆ ಹೆಚ್ಚು, ಕ್ಯಾಥೊಲಿಕರು ಹೆಚ್ಚಿರುವಲ್ಲಿ ಕಡಿಮೆ ಎಂದು ಅವನು ತೋರಿಸಿದ. ಪ್ರಾಂತ್ಯಗಳ ಬಗ್ಗೆ ನಿಜವಾದದ್ದು ಅಲ್ಲಿನ ಒಬ್ಬೊಬ್ಬ ವ್ಯಕ್ತಿಯ ಬಗ್ಗೆಯೂ ನಿಜವಾಗಬೇಕೆಂದಿಲ್ಲ. 1950ರಲ್ಲಿ ಅಮೆರಿಕದ ಡಬ್ಲ್ಯು. ಎಸ್. ರಾಬಿನ್ಸನ್ ಇದನ್ನು ಚೆನ್ನಾಗಿ ತೋರಿಸಿಕೊಟ್ಟ. ವಿದೇಶದಲ್ಲಿ ಹುಟ್ಟಿದವರು ಹೆಚ್ಚಾಗಿರುವ ರಾಜ್ಯಗಳಲ್ಲಿ ಸಾಕ್ಷರತೆ ಹೆಚ್ಚಿತ್ತು. ಆದರೆ ಒಬ್ಬೊಬ್ಬರನ್ನೇ ಎಣಿಸಿದಾಗ ವಿದೇಶದಲ್ಲಿ ಹುಟ್ಟಿದವರ ಸಾಕ್ಷರತೆಯೇ ಕಡಿಮೆ. ಅವರು ವಲಸೆ ಬಂದು ನೆಲೆಸಿದ್ದು ಅಕ್ಷರಸ್ಥರು ಹೆಚ್ಚಿದ್ದ ರಾಜ್ಯಗಳಲ್ಲಿ, ಅಷ್ಟೆ.

ಈ ಎಚ್ಚರ ಕರ್ನಾಟಕದವರಿಗೂ ಬೇಕು. ಭಾರತದಲ್ಲಿ ಆತ್ಮಹತ್ಯೆಯ ಪ್ರಮಾಣ ದಕ್ಷಿಣದ ರಾಜ್ಯಗಳಲ್ಲಿ ಹೆಚ್ಚು ಎಂಬುದನ್ನು 2012ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯೂ ತೋರಿಸಿತು. ದಕ್ಷಿಣದಲ್ಲಿ ಶಿಕ್ಷಣವೂ ಹೆಚ್ಚು. ಇವೆರಡನ್ನೂ ಜೋಡಿಸಿ ‘ಓದಿದ ಮಕ್ಕಳೇ ಹೆಚ್ಚು ದುರ್ಬಲರು’ ಎಂದು ಭಾಷಣ ಮಾಡುವುದು ಸುಲಭ. ಆದರೆ ಅದು ರಾಬಿನ್ಸನ್ ತೋರಿಸಿದ ಹಳ್ಳಕ್ಕೇ ಬಿದ್ದಂತೆ.

ದಾವಣಗೆರೆಯಲ್ಲೊಂದು ಊಹೆಯ ಲೆಕ್ಕ

ಹಿನ್ನೆಲೆಯನ್ನು ಲೆಕ್ಕಕ್ಕೆ ಹಿಡಿಯುವುದೆಂದರೆ ಏನು? ಒಂದು ಉದಾಹರಣೆಯಿಂದ ತಿಳಿಯಬಹುದು. ಇದು ವಿವರಣೆಗಾಗಿ ಊಹಿಸಿದ ಲೆಕ್ಕ. ಯಾವ ಸಮೀಕ್ಷೆಯಿಂದಲೂ ತೆಗೆದದ್ದಲ್ಲ.

ದಾವಣಗೆರೆ ವಿದ್ಯೆಯ ಊರು. 1958ರಲ್ಲಿ ಆರಂಭವಾದ ಬಾಪೂಜಿ ವಿದ್ಯಾಸಂಸ್ಥೆ, 1965ರ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಮುಂತಾದವುಗಳಿಂದಾಗಿ ಸುತ್ತಲಿನ ಜಿಲ್ಲೆಗಳ ಮಕ್ಕಳೂ ಇಲ್ಲಿಗೆ ಓದಲು ಬರುತ್ತಾರೆ. ದೇವರಾಜ ಅರಸು ಬಡಾವಣೆಯಂಥ ವಸತಿ ಪ್ರದೇಶದಲ್ಲೂ ನೆರೆಯ ಹರಿಹರದಲ್ಲೂ ಮನೆಮನೆಗೆ ಹೋಗಿ 16 ವರ್ಷದ 1,000 ಮಕ್ಕಳನ್ನು ಸಂಶೋಧಕರು ಮಾತನಾಡಿಸಿದರು ಎಂದುಕೊಳ್ಳೋಣ. ಅವರಲ್ಲಿ 100 ಮಂದಿ ಎಂದಾದರೂ ತಮಗೆ ತಾವೇ ನೋವು ಮಾಡಿಕೊಂಡಿದ್ದಾರೆ. 900 ಮಂದಿ ಮಾಡಿಕೊಂಡಿಲ್ಲ. ಹತ್ತು ವರ್ಷದ ನಂತರ ಅವರನ್ನೇ ಮತ್ತೆ ಹುಡುಕಿ ನೋಡಿದಾಗ ಮೊದಲ ಗುಂಪಿನ 100ರಲ್ಲಿ 34 ಮಂದಿ ಖಿನ್ನತೆಯಿಂದ ಬಳಲುತ್ತಿದ್ದಾರೆ. ಎರಡನೆಯ ಗುಂಪಿನ 900ರಲ್ಲಿ 146 ಮಂದಿ, ಅಂದರೆ ನೂರಕ್ಕೆ ಸುಮಾರು 16. ಎರಡು ಪಟ್ಟು ವ್ಯತ್ಯಾಸ! ‘ಹದಿಹರೆಯದ ಆ ಕೃತ್ಯವೇ ಮುಂದಿನ ಖಿನ್ನತೆಗೆ ಕಾರಣ’ ಎಂದು ತೀರ್ಪು ಕೊಡಲು ಇಷ್ಟು ಸಾಕೆನಿಸುತ್ತದೆ.

ಈಗ ಅದೇ ಮಕ್ಕಳನ್ನು ಮನೆಯ ಪರಿಸ್ಥಿತಿಗೆ ತಕ್ಕಂತೆ ಎರಡು ಪಾಲು ಮಾಡೋಣ. 200 ಮಕ್ಕಳ ಮನೆಗಳಲ್ಲಿ ಕುಡಿತ, ಹೊಡೆದಾಟ, ಸಾಲ, ಕೆಲಸ ಕಳೆದುಕೊಂಡ ಹತಾಶೆ. ಉಳಿದ 800 ಮಕ್ಕಳ ಮನೆಗಳು ನೆಮ್ಮದಿಯವು. ಕಷ್ಟದ ಮನೆಗಳ 200ರಲ್ಲಿ 60 ಮಕ್ಕಳು ನೋವು ಮಾಡಿಕೊಂಡವರು. ಅವರಲ್ಲಿ 30 ಮಂದಿಗೆ, ಅಂದರೆ ಅರ್ಧದಷ್ಟು ಮಕ್ಕಳಿಗೆ, ಮುಂದೆ ಖಿನ್ನತೆ. ನೋವು ಮಾಡಿಕೊಳ್ಳದ 140ರಲ್ಲಿ 70 ಮಂದಿಗೆ ಖಿನ್ನತೆ, ಅದೂ ಅರ್ಧವೇ. ನೆಮ್ಮದಿಯ ಮನೆಗಳಲ್ಲಿ ನೋವು ಮಾಡಿಕೊಂಡ 40ರಲ್ಲಿ 4, ಮಾಡಿಕೊಳ್ಳದ 760ರಲ್ಲಿ 76. ಎರಡೂ ಕಡೆ ಹತ್ತರಲ್ಲಿ ಒಂದು. ಒಟ್ಟು ಲೆಕ್ಕ ಮೊದಲಿನದೇ. ಆದರೆ ಕಷ್ಟದ ಮನೆಯವರನ್ನು ಕಷ್ಟದ ಮನೆಯವರೊಡನೆ, ನೆಮ್ಮದಿಯವರನ್ನು ನೆಮ್ಮದಿಯವರೊಡನೆ ಹೋಲಿಸಿದ ಕೂಡಲೇ ಆ ಎರಡು ಪಟ್ಟು ವ್ಯತ್ಯಾಸ ಮಾಯವಾಯಿತು! ಈ ಊಹೆಯ ಊರಿನಲ್ಲಿ ಮಗುವಿನ ಕೃತ್ಯ ಬರೀ ಕುರುಹು. ಬೀಸುತ್ತಿದ್ದ ಗಾಳಿ ಮನೆಯೊಳಗಿನದು.

ಹೀಗೆ ಸಮಾನರನ್ನು ಸಮಾನರೊಡನೆ ಹೋಲಿಸಿ, ಕೊನೆಗೆ ಎಲ್ಲ ಗುಂಪುಗಳ ಫಲಿತಾಂಶವನ್ನು ಒಂದುಗೂಡಿಸುವ ಸೂತ್ರವನ್ನು 1959ರಲ್ಲಿ ಅಮೆರಿಕದ ನೇಥನ್ ಮ್ಯಾಂಟೆಲ್ ಮತ್ತು ವಿಲಿಯಂ ಹೆನ್‌ಝೆಲ್ ಕೊಟ್ಟರು. ಧೂಮಪಾನ ಮತ್ತು ಶ್ವಾಸಕೋಶದ ಕ್ಯಾನ್ಸರಿನ ಬಗ್ಗೆ ಬಿಸಿಬಿಸಿ ವಾದ ನಡೆಯುತ್ತಿದ್ದ ಕಾಲ ಅದು. ‘ಸೇದುವ ಚಟಕ್ಕೂ ಕ್ಯಾನ್ಸರಿಗೂ ಯಾವುದೋ ಅನುವಂಶಿಕ ಗುಣ ಸಮಾನ ಕಾರಣವಿರಬಹುದು’ ಎಂದು ಖ್ಯಾತ ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್ ತಕರಾರು ತೆಗೆದಿದ್ದ. ಜೆರೋಮ್ ಕಾರ್ನ್‌ಫೀಲ್ಡ್ ಮತ್ತು ಸಂಗಡಿಗರು ಅದೇ ವರ್ಷ ಉತ್ತರ ಕೊಟ್ಟರು: ಸೇದುವವರಲ್ಲಿ ರೋಗ ಒಂಬತ್ತು ಪಟ್ಟು ಹೆಚ್ಚಿದ್ದರೆ, ಅದನ್ನು ಪೂರ್ತಿಯಾಗಿ ವಿವರಿಸಬಲ್ಲ ಆ ಗುಪ್ತ ಗುಣವೂ ಅವರಲ್ಲಿ ಕಡೇಪಕ್ಷ ಒಂಬತ್ತು ಪಟ್ಟು ಹೆಚ್ಚಿರಬೇಕು, ಅಂಥದ್ದು ಎಲ್ಲಿದೆ? ‘ಹಿನ್ನೆಲೆ ಇರಬಹುದು’ ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ, ಅದು ಎಷ್ಟು ದೊಡ್ಡದೆಂಬುದನ್ನೂ ಹೇಳಬೇಕು ಎಂಬ ಶಿಸ್ತು ಬಂದದ್ದು ಹೀಗೆ.

ಬೆಂಗಳೂರಿನ 269 ಮನೆಗಳು

ಆತ್ಮಹತ್ಯೆಯ ವಿಷಯದಲ್ಲಿ ಈ ಶಿಸ್ತನ್ನು ಕರ್ನಾಟಕದಲ್ಲಿ ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿದ್ದು ಬೆಂಗಳೂರಿನ ನಿಮ್ಹಾನ್ಸ್. ಹಳೆಯ ಮಾನಸಿಕ ಆಸ್ಪತ್ರೆ ಮತ್ತು 1954ರ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಒಂದಾಗಿ 1974ರಲ್ಲಿ ರೂಪುಗೊಂಡ ಸಂಸ್ಥೆ ಇದು. ಡಾ. ಜಿ. ಗುರುರಾಜ್, ಡಾ. ಮೋಹನ್ ಐಸಾಕ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಆತ್ಮಹತ್ಯೆಯಿಂದ ತೀರಿಕೊಂಡ 269 ಮಂದಿಯ ಜೀವನವನ್ನು ಅವರು ಪರಿಶೀಲಿಸಿದರು. ಪ್ರತಿಯೊಬ್ಬರಿಗೂ ಜೋಡಿಯಾಗಿ ಅದೇ ನಗರದ, ಅದೇ ವಯಸ್ಸಿನ, ಅದೇ ಲಿಂಗದ, ಬದುಕಿರುವ ಒಬ್ಬರನ್ನು ಆರಿಸಿಕೊಂಡರು. ಹೀಗಾಗಿ ದುರ್ಖೈಮನನ್ನು ಕಾಡಿದ ವಯಸ್ಸಿನ ತೊಡಕು ಮೊದಲಿಗೇ ನಿವಾರಣೆಯಾಯಿತು.

ತೀರಿಕೊಂಡವರನ್ನು ಪ್ರಶ್ನಿಸುವುದು ಹೇಗೆ? ಅದಕ್ಕೆ ಬಳಸಿದ್ದು ‘ಮಾನಸಿಕ ಮರಣೋತ್ತರ ಪರೀಕ್ಷೆ’ ಎಂಬ ವಿಧಾನ. ಮನೆಯವರು ಮತ್ತು ಬಲ್ಲವರೊಡನೆ ವಿವರವಾಗಿ ಮಾತನಾಡಿ ಒಂದು ಜೀವನದ ಕೊನೆಯ ದಿನಗಳನ್ನೂ ಅದರ ಹಿಂದಿನ ವರ್ಷಗಳನ್ನೂ ಜೋಡಿಸುವ ಈ ಕ್ರಮ, 1950ರ ದಶಕದ ಕೊನೆಯಲ್ಲಿ ಲಾಸ್ ಏಂಜಲೀಸಿನಲ್ಲಿ ಎಡ್ವಿನ್ ಶ್ನೈಡ್‌ಮನ್ ಮತ್ತು ಸಹೋದ್ಯೋಗಿಗಳ ಕೈಯಲ್ಲಿ ರೂಪುಗೊಂಡಿತ್ತು.

ಬೆಂಗಳೂರಿನ ಅಧ್ಯಯನದ ಫಲಿತಾಂಶಗಳನ್ನು ‘ಆಡ್ಸ್ ಅನುಪಾತ’ ಎಂಬ ಅಳತೆಯಲ್ಲಿ ಕೊಡಲಾಗಿದೆ. ಅದು 1 ಇದ್ದರೆ ಎರಡು ಗುಂಪುಗಳ ನಡುವೆ ವ್ಯತ್ಯಾಸವಿಲ್ಲ. ಹೆಚ್ಚಾದಷ್ಟೂ ನಂಟು ಗಟ್ಟಿ. ಹಿಂದೊಮ್ಮೆ ಆತ್ಮಹತ್ಯೆಗೆ ಯತ್ನಿಸಿದ್ದು 42.62, ಸಂಗಾತಿಯೊಡನೆ ವಿರಸ 27.98, ಮದ್ಯವ್ಯಸನ 23.38, ಮಾನಸಿಕ ಕಾಯಿಲೆ 11.07, ಹಠಾತ್ ಆರ್ಥಿಕ ದಿವಾಳಿ 7.1, ಮನೆಯೊಳಗಿನ ಹಿಂಸೆ 6.82, ನಿರುದ್ಯೋಗ 6.15. ಈ ಅಂಶಗಳು ಒಂದೊಂದಾಗಿ ಬರುವುದಿಲ್ಲ, ಜೇಡರ ಬಲೆಯಂತೆ ಹೆಣೆದುಕೊಂಡು ಮತ್ತೆ ಮತ್ತೆ ಬಂದು ಒಟ್ಟುಗೂಡುತ್ತವೆ ಎಂಬುದು ಈ ಅಧ್ಯಯನದ ಮುಖ್ಯ ಪಾಠ.

ಇದನ್ನು ಸರ್ಕಾರಿ ದಾಖಲೆಯೊಡನೆ ಹೋಲಿಸಿ ನೋಡಬೇಕು. ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ತೀರಿಕೊಂಡರು. ಅವರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ಈ ದಾಖಲೆ ಕಾರಣಗಳನ್ನೂ ಪಟ್ಟಿ ಮಾಡುತ್ತದೆ: ಕೌಟುಂಬಿಕ ಸಮಸ್ಯೆ ನೂರಕ್ಕೆ 31.7, ಕಾಯಿಲೆ ನೂರಕ್ಕೆ 18.4 ಇತ್ಯಾದಿ. ಇಲ್ಲಿ ಒಂದು ಸಾವಿಗೆ ಒಂದೇ ಕಾರಣ. ‘ಪರೀಕ್ಷೆಯಲ್ಲಿ ಅನುತ್ತೀರ್ಣ’ ಎಂದು ಬರೆದ ಮೇಲೆ ಅದೇ ಮನೆಯ ಸಾಲ, ಅದೇ ಮಗುವಿನ ವರ್ಷಗಟ್ಟಲೆಯ ಖಿನ್ನತೆಗಳಿಗೆ ಅಲ್ಲಿ ಜಾಗವಿಲ್ಲ. ಪ್ರತಿ ವರ್ಷ ನಪಾಸಾಗುವ ಲಕ್ಷಾಂತರ ಮಕ್ಕಳಲ್ಲಿ ಬಹುತೇಕ ಎಲ್ಲರೂ ಬದುಕಿನಲ್ಲಿ ಮುಂದೆ ಸಾಗುತ್ತಾರೆ ಎಂಬುದನ್ನು ನೆನೆದರೆ, ಒಂದು ಸಾಲಿನ ಆ ಕಾರಣ ಎಷ್ಟು ಅಪೂರ್ಣ ಎಂಬುದು ಹೊಳೆಯುತ್ತದೆ.

ಮಕ್ಕಳ ಜೊತೆ ಇಪ್ಪತ್ತು ವರ್ಷ

ಹಿಂದಿರುಗಿ ನೋಡುವ ಅಧ್ಯಯನಗಳಿಗೆ ಒಂದು ಮಿತಿ ಇದೆ. ದುಃಖದಲ್ಲಿರುವ ಮನೆಯವರು ಕಾರಣಕ್ಕಾಗಿ ನೆನಪನ್ನು ತಡಕುತ್ತಾರೆ. ಇಲ್ಲದ ಸುಳಿವೂ ಇದ್ದಂತೆ ತೋರುತ್ತದೆ. ಇದಕ್ಕೆ ಪರಿಹಾರ ಮಕ್ಕಳನ್ನು ಮೊದಲಿನಿಂದಲೂ ಹಿಂಬಾಲಿಸುವುದು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 1977ರಲ್ಲಿ ಹುಟ್ಟಿದ 1,265 ಮಕ್ಕಳನ್ನು ಹೀಗೆ ಹಿಂಬಾಲಿಸಲಾಯಿತು. ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ 1992ರಲ್ಲಿ ಶಾಲಾ ಮಕ್ಕಳ ಮೇಲೆ ಇಂಥದ್ದೇ ಕೆಲಸ ಶುರುವಾಯಿತು.

ವಿಕ್ಟೋರಿಯದಲ್ಲಿ ಹದಿಹರೆಯದಲ್ಲಿ ಉತ್ತರಿಸಿದ 1,802 ಮಂದಿಯಲ್ಲಿ 149 ಮಂದಿ, ನೂರಕ್ಕೆ 8ರಷ್ಟು, ತಮಗೆ ತಾವೇ ನೋವು ಮಾಡಿಕೊಂಡಿದ್ದರು. ಹುಡುಗಿಯರಲ್ಲಿ ಈ ಪ್ರಮಾಣ ಹೆಚ್ಚು. 2012ರಲ್ಲಿ ಪ್ರಕಟವಾದ ಫಲಿತಾಂಶ ಅನೇಕರಿಗೆ ಸಮಾಧಾನ ತಂದಿತು: ಯೌವನಕ್ಕೆ ಕಾಲಿಟ್ಟ ಮೇಲೆ ಇವರಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿ ಮತ್ತೆ ಹಾಗೆ ಮಾಡಿಕೊಂಡ ವರದಿ ಇರಲಿಲ್ಲ. ಇವರಿಗೆ 35 ವರ್ಷವಾದಾಗಿನ ವಿವರ 2017ರಲ್ಲಿ ಹೊರಬಂತು. ಮೊದಲ ನೋಟಕ್ಕೆ ಇವರಿಗೆ ಮನಸ್ಸಿನ ತೊಂದರೆ, ಹಣದ ಮುಗ್ಗಟ್ಟು, ಚಟಗಳು ಇತರರಿಗಿಂತ ಹೆಚ್ಚು. ಆದರೆ ಹದಿಹರೆಯದಲ್ಲಿದ್ದ ಖಿನ್ನತೆ, ಆತಂಕ, ಮಾದಕ ವಸ್ತುಗಳ ಬಳಕೆ ಮುಂತಾದ ಹಿನ್ನೆಲೆಯನ್ನು ಲೆಕ್ಕಕ್ಕೆ ಹಿಡಿದಾಗ ಈ ನಂಟುಗಳಲ್ಲಿ ಹೆಚ್ಚಿನವು ಸಡಿಲಗೊಂಡವು.

ಹಾಗೆಂದು ಎಲ್ಲವೂ ಹಿನ್ನೆಲೆಯಲ್ಲೇ ಕರಗಿಹೋಗುತ್ತದೆ ಎನ್ನುವಂತಿಲ್ಲ. ಇಂಗ್ಲೆಂಡಿನ ಏವನ್ ಪ್ರದೇಶದಲ್ಲಿ 1991-92ರ ಆಸುಪಾಸಿನಲ್ಲಿ ಹುಟ್ಟಿದ ಮಕ್ಕಳ ಅಧ್ಯಯನ 2014ರಲ್ಲಿ ಬೇರೆ ಚಿತ್ರ ಕೊಟ್ಟಿತು. 16ರ ವಯಸ್ಸಿನಲ್ಲಿ ಸಾಯುವ ಉದ್ದೇಶವಿಲ್ಲದೆ ನೋವು ಮಾಡಿಕೊಂಡವರಿಗೆ 18ರಲ್ಲಿ ಖಿನ್ನತೆಯ ಆಡ್ಸ್ ಅನುಪಾತ 2.21, ಸಾಯುವ ಉದ್ದೇಶವಿದ್ದವರಿಗೆ 3.94. ಹಿನ್ನೆಲೆಯ ಅಂಶಗಳಿಗೆ ಹೊಂದಿಸಿದ ಮೇಲೂ ಉಳಿದ ಅಂಕಿಗಳಿವು. ಅಂದರೆ ನೋವು ಮಾಡಿಕೊಂಡ ಮಗುವನ್ನು ‘ಬರೀ ಹಟ, ಗಮನ ಸೆಳೆಯುವ ನಾಟಕ’ ಎಂದು ಕಡೆಗಣಿಸುವುದೂ ತಪ್ಪು.

ಈ ಎರಡು ಅಧ್ಯಯನಗಳೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಡುತ್ತವೆ. ‘ಈ ಮಗುವಿಗೆ ನೆರವು ಬೇಕೆ?’ ಎಂದು ಕೇಳುವ ವೈದ್ಯರಿಗೆ ಹೊಂದಿಸದ ಅಂಕಿಯೂ ಉಪಯುಕ್ತವೇ. ಕುರುಹಾಗಿದ್ದರೂ ಅದು ಎಚ್ಚರಿಕೆಯ ಕುರುಹು. ‘ಯಾವುದನ್ನು ಸರಿಪಡಿಸಿದರೆ ಮಗು ಚೇತರಿಸಿಕೊಳ್ಳುತ್ತದೆ?’ ಎಂದು ಕೇಳುವವರಿಗೆ ಹೊಂದಿಸಿದ ಅಂಕಿ ಬೇಕು.

ಹೊಂದಿಸುವುದರಲ್ಲೂ ಅತಿ ಆಗಬಾರದು. ಖಿನ್ನತೆ ಮೊದಲು ಬಂದು ಮಗು ನೋವು ಮಾಡಿಕೊಂಡಿದ್ದರೆ ಖಿನ್ನತೆ ಹಿನ್ನೆಲೆ. ಮಗು ನೋವು ಮಾಡಿಕೊಂಡದ್ದು ಬಯಲಾಗಿ, ಶಾಲೆಯಲ್ಲಿ ಅವಮಾನವಾಗಿ, ಗೆಳೆಯರು ದೂರ ಸರಿದು, ಅದರಿಂದ ಖಿನ್ನತೆ ಬಂದಿದ್ದರೆ ಅದು ಪರಿಣಾಮದ ಸರಪಳಿಯ ಒಂದು ಕೊಂಡಿ. ಆ ಕೊಂಡಿಯನ್ನೇ ‘ಹಿನ್ನೆಲೆ’ ಎಂದು ಕಳೆದುಬಿಟ್ಟರೆ, ಅವಮಾನ ಮಾಡಿದ ಸಮಾಜದ ಪಾಲೂ ಲೆಕ್ಕದಿಂದ ಜಾರಿಹೋಗುತ್ತದೆ. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಗಣಿತ ತಾನಾಗಿ ಹೇಳುವುದಿಲ್ಲ. ಮಕ್ಕಳ ಬದುಕನ್ನು ಬಲ್ಲವರೇ ಹೇಳಬೇಕು.

ಊರಿಗೊಂದು ಹಿನ್ನೆಲೆ

ಒಂದು ದೇಶದ ಹಿನ್ನೆಲೆಯ ಪಟ್ಟಿಯನ್ನು ಇನ್ನೊಂದು ದೇಶಕ್ಕೆ ಹಾಗೆಯೇ ಹೊತ್ತು ತರಲೂ ಆಗದು. ಇದಕ್ಕೆ ಮೈಸೂರಿನಲ್ಲೇ ಒಳ್ಳೆಯ ನಿದರ್ಶನವಿದೆ. ಹೆಚ್ಚು ಕಾಲ ಎದೆಹಾಲು ಕುಡಿದ ಮಕ್ಕಳು ಬುದ್ಧಿ ಪರೀಕ್ಷೆಯಲ್ಲಿ ಮುಂದು ಎಂದು ಪಾಶ್ಚಾತ್ಯ ದೇಶಗಳ ಹಲವು ಅಧ್ಯಯನಗಳು ಹೇಳಿದ್ದವು. ಆದರೆ ಅಲ್ಲಿ ಹೆಚ್ಚು ಕಾಲ ಹಾಲೂಡಿಸುವವರು ಬಹುಮಟ್ಟಿಗೆ ಓದಿದ, ಅನುಕೂಲಸ್ಥ ತಾಯಂದಿರು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಆರಂಭವಾದ ಅಧ್ಯಯನದ ಮಕ್ಕಳಲ್ಲಿ ದೀರ್ಘ ಕಾಲ ಹಾಲೂಡಿಸುವುದೇ ರೂಢಿ. 9-10ರ ವಯಸ್ಸಿನಲ್ಲಿ ಪರೀಕ್ಷಿಸಿದಾಗ, ಹಾಲು ಕುಡಿದ ಅವಧಿಗೂ ಬುದ್ಧಿ ಪರೀಕ್ಷೆಯ ಅಂಕಕ್ಕೂ ನಂಟು ಕಾಣಲಿಲ್ಲ. ಎದೆಹಾಲಿನ ಇತರ ಉಪಯೋಗಗಳಿಗೆ ಇದರಿಂದ ಕುಂದಿಲ್ಲ. ಊರು ಬದಲಾದಾಗ ಹಿನ್ನೆಲೆಯೂ ಬದಲಾಗುತ್ತದೆ ಎಂಬುದಷ್ಟೇ ಇಲ್ಲಿನ ಪಾಠ.

ಹದಿಹರೆಯದ ನೋವಿಗೂ ಇದು ಅನ್ವಯಿಸುತ್ತದೆ. ವಿಜಯಪುರ ಮತ್ತು ಬಾಗಲಕೋಟೆ ಜಿಲ್ಲೆಗಳ ಹಳ್ಳಿಗಳಲ್ಲಿ 13-14 ವರ್ಷದ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದ ಹುಡುಗಿಯರನ್ನು 2014ರಲ್ಲಿ ಮಾತನಾಡಿಸಿದ ಸಂಶೋಧಕರು ಅವರ ಮನೋಕ್ಲೇಶವನ್ನು ಮಾತ್ರ ಕೇಳಲಿಲ್ಲ. ಮನೆಯ ಬಡತನ, ಶಾಲೆಯ ದಾರಿಯ ಚುಡಾವಣೆ, ಹೆಣ್ಣು ಗಂಡಿನ ನಡುವಿನ ಭೇದಗಳನ್ನೂ ಕೇಳಿದರು. ಬೆಂಗಳೂರಿನ ಕಾಲೇಜುಗಳಲ್ಲಿ 470 ವಿದ್ಯಾರ್ಥಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೌಮ್ಯ ರೂಪಗಳೂ ಸೇರಿದಂತೆ, ನೂರಕ್ಕೆ 31ರಷ್ಟು ಮಂದಿ ಹಿಂದಿನ ಒಂದು ವರ್ಷದಲ್ಲಿ ತಮಗೆ ತಾವೇ ನೋವು ಮಾಡಿಕೊಂಡದ್ದನ್ನು ಹೇಳಿಕೊಂಡರು. ದಾವಣಗೆರೆ-ಹರಿಹರದ ಮಗುವಿನ ಹಿನ್ನೆಲೆ ಬರೆಯುವವರು ಬಾಗಿಲು ಮುಚ್ಚಿದ ಹತ್ತಿ ಗಿರಣಿಗಳನ್ನೂ, 1941ರಲ್ಲಿ ಹರಿಹರದಲ್ಲಿ ಹುಟ್ಟಿ ಮುಂದೆ ನಿಂತುಹೋದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯನ್ನೂ ನೆನೆಯಬೇಕಾದೀತು. ಕನ್ನಡ ಮಾಧ್ಯಮದಿಂದ ಬಂದು ಪಿಯುಸಿಯಲ್ಲಿ ಇಂಗ್ಲಿಷಿನೊಡನೆ ಸೆಣಸುವ, ಊರು ಬಿಟ್ಟು ಹಾಸ್ಟೆಲಿನಲ್ಲಿರುವ ಮಗುವಿನ ಒಂಟಿತನ ವಿಕ್ಟೋರಿಯದ ಪ್ರಶ್ನಾವಳಿಯಲ್ಲಿ ಸಿಗುವುದಿಲ್ಲ.

ಕಾನೂನೂ ಹಿನ್ನೆಲೆಯ ಒಂದು ಭಾಗವೇ. 1860ರ ದಂಡ ಸಂಹಿತೆಯ 309ನೇ ಕಲಮು ಆತ್ಮಹತ್ಯಾ ಯತ್ನವನ್ನು ಅಪರಾಧವಾಗಿಸಿದ್ದರಿಂದ ಎಷ್ಟೋ ಮನೆಗಳು ಪೊಲೀಸರಿಗೆ ಹೆದರಿ ಬಾಯಿ ಮುಚ್ಚಿಕೊಂಡವು. 2017ರ ಮಾನಸಿಕ ಆರೋಗ್ಯ ಕಾಯ್ದೆ, ಇಂಥವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಆರೈಕೆ ಒದಗಿಸುವುದು ಸರ್ಕಾರದ ಹೊಣೆ ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಹಳೆಯ ಕಲಮು ಇಲ್ಲ. ಹೆದರಿಕೆ ಕಡಿಮೆಯಾದಷ್ಟೂ ಮಕ್ಕಳು ಬಾಯಿ ಬಿಟ್ಟು ಹೇಳುತ್ತಾರೆ. ಲೆಕ್ಕವೂ ನಿಜಕ್ಕೆ ಹತ್ತಿರವಾಗುತ್ತದೆ.

ದುರ್ಖೈಮನಿಂದ ಇಂದಿನವರೆಗಿನ ಈ ಗಣಿತವೆಲ್ಲ ಕೊನೆಗೆ ಹೇಳುವುದು ಮನೆಯ ಹಿರಿಯರಿಗೂ ಮೇಷ್ಟರಿಗೂ ಅರ್ಥವಾಗುವ ಮಾತನ್ನೇ. ಮಗುವಿನ ಕೈಮೇಲಿನ ಗಾಯ ಅದರ ಹಣೆಬರಹವಲ್ಲ. ಬಹುಪಾಲು ಮಕ್ಕಳು ಅದನ್ನು ದಾಟಿ ಬರುತ್ತಾರೆ. ‘ಏಕೆ ಹೀಗೆ ಮಾಡಿಕೊಂಡೆ?’ ಎಂದು ಗದರಿಸುವ ಬದಲು ‘ಏನಾಗುತ್ತಿದೆ?’ ಎಂದು ಕೇಳಿದರೆ, ಮನೆಯಲ್ಲೂ ಶಾಲೆಯಲ್ಲೂ ಬೀಸುತ್ತಿರುವ ಗಾಳಿ ಯಾವುದೆಂದು ತಿಳಿದೀತು. ಕೇಳಲು ಯಾರೂ ಇಲ್ಲವೆನಿಸಿದವರಿಗೆ 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ-ಮಾನಸ್ ಉಚಿತ ಸಹಾಯವಾಣಿ ಇದೆ. ನಿಮ್ಹಾನ್ಸ್ ಅದರ ಕೇಂದ್ರ ಸಂಸ್ಥೆ. 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.